ಕೊಲಿಬ್ರಿ ಟಾಕೀಸಿನ ಬಾರಿನಲ್ಲಿ ನನ್ನ ಜಾಗ

ಕೋಕ್ಸೈಡೆ, ೧೦ ಸೆಪ್ಟೆಂಬರ್ ೧೯೮೪

ಪ್ರೀತಿಯ ಫಿರ್ಮಿನ್,

ಸೊಂಟದ ಮೂಳೆ ಕೂಡಿಕೊಂಡಿದೆ ಎಂದು ಡಾಕ್ಟರು ಹೇಳುತ್ತಾರೆ. ಸೊಂಟಕ್ಕೆ ಇನ್ನೂ ಆ ಸುದ್ದಿ ಮುಟ್ಟಿಲ್ಲ. ಬೆಳಿಗ್ಗೆ ಕಂಬಿ ಹಿಡಿಸಿ ನಡೆಸುತ್ತಾರೆ, ಮಧ್ಯಾಹ್ನ ಸಮುದ್ರದ ಕಡೆ ಮುಖ ಮಾಡಿ ಕೂರಿಸುತ್ತಾರೆ. ಈ ಆರೈಕೆಮನೆಯ ಕಾಫಿ ಬರೀ ಬಿಸಿನೀರು. ಕೋಣೆಯಲ್ಲಿ ಜೊತೆಗೆ ಪೌಲಾ ಎಂಬವಳಿದ್ದಾಳೆ. ಮಂಡಿ ಮುರಿದುಕೊಂಡಿದ್ದಾಳೆ, ನಾಲಿಗೆಗೆ ಏನೂ ಆಗಿಲ್ಲ. ಫೋನು ಮಾಡು ಎನ್ನಬೇಡ. ಇರುವುದು ಒಂದೇ ಫೋನು, ಅದೂ ಪಡಸಾಲೆಯಲ್ಲಿ. ಹಿಂದೆ ಸಾಲು ನಿಂತವರೆಲ್ಲ ಕೇಳಿಸಿಕೊಳ್ಳುತ್ತಾರೆ. ಬರೆಯುವುದೇ ಮೇಲು.

ಪಕ್ಕದ ಮನೆಯವರು ನನ್ನನ್ನು ನೋಡಲು ಬಂದಿದ್ದರು. ನೀನು ಭಾನುವಾರವೂ ಪರದೆ ಎಳೆದುಕೊಂಡು ಮನೆಯಲ್ಲೇ ಕೂರುತ್ತೀಯಂತೆ. ಯಾಕೆ? ನಾನಿಲ್ಲದಿದ್ದರೆ ಕೊಲಿಬ್ರಿ ಮುಚ್ಚಿಹೋಯಿತೇ? ಮದುವೆಯಾದಾಗಿನಿಂದ ನಾವು ಅಲ್ಲಿನ ಭಾನುವಾರದ ಮಧ್ಯಾಹ್ನದ ಆಟ ತಪ್ಪಿಸಿದವರಲ್ಲ. ಸಿನೆಮಾ ನಡೆಯುವಾಗ ನಾನು ಬಾಯಿ ಮುಚ್ಚಿ ಕೂರಲಾರೆ ಎಂದೇ ತಾನೇ ನಾವು ಒಳಗಿನ ಸೀಟು ಬಿಟ್ಟು, ಹಿಂಬದಿಯ ಗಾಜಿನಾಚೆಯ, ತೆರೆ ಕಾಣುವ ಬಾರಿನಲ್ಲಿ ಸ್ಟೂಲು ಹಿಡಿದದ್ದು? ಹೋಗು. ನಿನ್ನ ಕಪ್ಪು ಬಿಯರು ಕುಡಿ, ಸಿನೆಮಾ ನೋಡು, ಕಥೆಯನ್ನು ನನಗೆ ಬರೆ. ನನ್ನ ಸ್ಟೂಲಿನ ಮೇಲೆ ನಿನ್ನ ಕೋಟು ಇಟ್ಟಿರು. ನನ್ನ ಪೋರ್ಟ್ ವೈನಿನ ಲೋಟವನ್ನು ಬೇರೆ ಯಾರಿಗೂ ಕೊಡಬೇಡ ಎಂದು ವಾಲೇರನಿಗೆ ಹೇಳು. ಬಾರು ಅವನದಾದರೂ ಲೋಟ ನನ್ನದು.

ನಿನ್ನ
ಲಿಯೋಂಟೀನ್


ಗೆಂಟ್, ೧೭ ಸೆಪ್ಟೆಂಬರ್

ಪ್ರೀತಿಯ ಲಿಯೋಂಟೀನ್,

ಮೆಷೀನಿನಲ್ಲಿ ಹೊಡೆದ ಕಾಗದ ಎಂದು ಬೇಸರ ಮಾಡಿಕೊಳ್ಳಬೇಡ. ಪೆನ್ನು ಕೈಕೊಟ್ಟಿದೆ. ಅಷ್ಟು ವರ್ಷ ಪತ್ರಿಕೆಯಲ್ಲಿ ಅಚ್ಚಿನ ಮೊಳೆ ಜೋಡಿಸಿದ ಬೆರಳುಗಳು ನೋಡು, ಅವಕ್ಕೂ ಕೀಲಿಗಳ ಮೇಲೆ ಓಡಾಡುವುದೇ ಇಷ್ಟ.

ನೀನು ಹೇಳಿದ ಹಾಗೆ ಕೊಲಿಬ್ರಿಗೆ ಹೋದೆ. ವಾಲೇರ್ ನಿನ್ನನ್ನು ಕೇಳಿದ. "ಅವರಿಲ್ದೆ ಇಲ್ಲಿ ಸಿನೆಮಾದವರ ಮಾತು ಕೇಳ್ಸೋ ಹಾಗಾಗಿದೆ, ನನಗೇ ಅಭ್ಯಾಸ ಇಲ್ಲ" ಅಂದ. ನಿನ್ನ ಸ್ಟೂಲಿನ ಮೇಲೆ ಕೋಟು ಇಟ್ಟಿದ್ದೆ. ಆದರೆ ಜನ ಜಾಸ್ತಿ ಇದ್ದರು. ಒಬ್ಬ ಹೆಂಗಸು ಬಂದು ಕೇಳಿದರು, ಇಲ್ಲ ಎನ್ನಲಾಗಲಿಲ್ಲ, ಕೋಟು ತೆಗೆದೆ. ಅವರ ಹೆಸರು ಆಲ್ಮಾ. ಗಂಡ ತೀರಿಕೊಂಡಿದ್ದಾರಂತೆ. ಒಳ್ಳೆಯ ದನಿ.

ಸಿನೆಮಾ ದೀಪಸ್ತಂಭ ಕಾಯುವವನ ಹೆಂಡತಿಯ ಕಥೆ. ಕೊನೆಯಲ್ಲಿ ಅವಳು ದೋಣಿ ಹತ್ತಿ ಹೋಗುತ್ತಾಳೆ. ಅವಳ ಅಡುಗೆಮನೆಯ ಪರದೆ ನೀಲಿ, ಒಗೆದು ಒಗೆದು ಮಾಸಿದ ನೀಲಿ. ಅವಳು ಹೋದ ಮೇಲೆ ಗಂಡ ಅದರಲ್ಲೇ ಕೈ ಒರೆಸಿಕೊಳ್ಳುತ್ತಾನೆ.

ವ್ಯಾಯಾಮ ತಪ್ಪಿಸಬೇಡ.

ಫಿರ್ಮಿನ್


ಕೋಕ್ಸೈಡೆ, ೨೦ ಸೆಪ್ಟೆಂಬರ್

ಪ್ರೀತಿಯ ಫಿರ್ಮಿನ್,

ಹೋದೆಯಲ್ಲ, ಸಂತೋಷ. ಕೋಟು ಅಷ್ಟು ಬೇಗ ತೆಗೆದೆಯಲ್ಲ, ಅದು ಇನ್ನೂ ಸಂತೋಷ.

ಯಾರು ಈ ಆಲ್ಮಾ? ವಯಸ್ಸೆಷ್ಟು? ಕೂದಲು ಯಾವ ಬಣ್ಣ? ನಾನು ಸುಮ್ಮನೆ ಕೇಳುತ್ತಿದ್ದೇನೆ. ಇಲ್ಲಿ ಸಮುದ್ರ ಬಿಟ್ಟರೆ ನೋಡಲು ಬೇರೇನೂ ಇಲ್ಲ, ಒಂದು ಮುಖವಾದರೂ ಕಣ್ಣ ಮುಂದೆ ತಂದುಕೊಳ್ಳೋಣ ಎಂದು. ದನಿ ಒಳ್ಳೆಯದು ಎಂದು ಬರೆದಿದ್ದೀ. ದನಿಯ ಮೇಲೆ ತಲೆ ಅಂತ ಒಂದು ಇರಬೇಕಲ್ಲ.

ಮತ್ತೆ, ನೀನು ಯಾವಾಗಿನಿಂದ ಪರದೆಯ ಬಣ್ಣ ನೋಡಲು ಕಲಿತೆ? ನಮ್ಮ ಮನೆಯ ಪರದೆ ಬದಲಾಯಿಸಿದಾಗ ನಿನಗೆ ಗೊತ್ತೇ ಆಗಿರಲಿಲ್ಲ. ನಾನೇ ಹೇಳಬೇಕಾಯಿತು, ಹೇಳಿದ ಮೇಲೂ "ಮೊದಲು ಯಾವುದಿತ್ತು?" ಅಂದೆ.

ನಿನ್ನೆ ಕಂಬಿ ಬಿಟ್ಟು ಕೋಲಿನಲ್ಲಿ ನಡೆದೆ.

ಲಿಯೋಂಟೀನ್


ಗೆಂಟ್, ೨೪ ಸೆಪ್ಟೆಂಬರ್

ಪ್ರೀತಿಯ ಲಿಯೋಂಟೀನ್,

ಕೋಲಿನಲ್ಲಿ ನಡೆದ ಸುದ್ದಿ ಕೇಳಿ ವಾಲೇರ್ ಕೂಡ ಒಂದು ಲೋಟ ಎತ್ತಿದ.

ಆಲ್ಮಾ ನೋಡಲು ಹೇಗಿದ್ದಾಳೆ ಎಂದರೆ ಏನು ಹೇಳಲಿ, ಎಲ್ಲರ ಹಾಗೆ ಇದ್ದಾಳೆ. ಕೂದಲ ಬಣ್ಣ ಗಮನಿಸಿಲ್ಲ. ವಯಸ್ಸು ಕೇಳಿಲ್ಲ. ನಿನ್ನ ಪಕ್ಕದಲ್ಲಿ ಕೂತು ಸಿನೆಮಾ ನೋಡುತ್ತಿದ್ದ ಹಾಗೆಯೇ ಅವಳ ಪಕ್ಕದಲ್ಲೂ, ಅಷ್ಟೇ. ಅವಳು ಜೆನೆವರ್ ಕುಡಿಯುತ್ತಾಳೆ. ನನಗೂ ಒಂದು ಹಾಕಿಸಿದಳು, ಗಂಟಲಿಗೆ ಹಿತವಾಗಿತ್ತು.

ಈ ವಾರ ಬ್ರೆಡ್ ಅಂಗಡಿಯವನ ಕಥೆ. ಅವನ ಮಗಳು ಹಳದಿ ಮಳೆಕೋಟು ಹಾಕಿಕೊಂಡು ಬೀದಿ ದಾಟುವಾಗ ಕಿಟಕಿಯ ಗಾಜಿನಲ್ಲಿ ಅವಳ ನೆರಳೂ ದಾಟುತ್ತದೆ. ಅಪ್ಪ ನೋಡುವುದು ನೆರಳನ್ನು, ಅವಳನ್ನಲ್ಲ. ಎಷ್ಟು ಚೆನ್ನಾಗಿದೆ ನೋಡು.

ಫಿರ್ಮಿನ್


ಕೋಕ್ಸೈಡೆ, ೨೭ ಸೆಪ್ಟೆಂಬರ್

ಫಿರ್ಮಿನ್,

ಮೊದಲ ಕಾಗದದಲ್ಲಿ "ಅವರು". ಈ ಕಾಗದದಲ್ಲಿ "ಅವಳು". ಮುಂದಿನ ವಾರಕ್ಕೆ ಏನಿಟ್ಟುಕೊಂಡಿದ್ದೀ?

ಒಬ್ಬ ಹೆಂಗಸಿನ ಪಕ್ಕದಲ್ಲಿ ಎರಡು ಭಾನುವಾರ ಇಡೀ ಸಿನೆಮಾ ಕೂತಿದ್ದೀ. ಕೂದಲು ಯಾವ ಬಣ್ಣ ಎಂದು ಗಮನಿಸಿಲ್ಲವೇ? ಇದನ್ನು ಪೌಲಾಳಿಗೆ ಹೇಳಿದೆ. ಹೇಳಬಾರದಿತ್ತು. ಅವಳು ಹಾಸಿಗೆಯಲ್ಲೇ ನಕ್ಕು ಹೊರಳಾಡಿದಳು. "ಅಯ್ಯೋ ಪಾಪದವಳೇ! ಕೂದಲ ಬಣ್ಣ ಗೊತ್ತಿಲ್ಲ ಅಂತ ಗಂಡ ಹೇಳ್ದ ಅಂದ್ರೆ ತಲೆ ಮೇಲೆ ನೋಡಿಲ್ಲ ಅಂತ ಅಷ್ಟೇ. ಬಾಚಣಿಗೇಲಿ ನೋಡಿರ್ತಾನೆ!"

ನಾನು ನಗಲಿಲ್ಲ. ರಾತ್ರಿಯ ಊಟಕ್ಕೆ ಸೀಗಡಿ ತುಂಬಿದ ಟೊಮೆಟೊ ಕೊಟ್ಟಿದ್ದರು, ತಿನ್ನಲಿಲ್ಲ. ನನಗೆ ಸೀಗಡಿ ಎಷ್ಟು ಇಷ್ಟ ಎಂದು ನಿನಗೆ ಗೊತ್ತು. ಅಥವಾ ಅದನ್ನೂ ಗಮನಿಸಿಲ್ಲವೋ.

ಜೆನೆವರ್ ಗಂಟಲಿಗೆ ಹಿತವಂತೆ. ನನ್ನ ತಮ್ಮನ ಮದುವೆಯಲ್ಲಿ ಒಂದು ಗುಟುಕು ಕುಡಿದು ಸೀಮೆಎಣ್ಣೆ ಎಂದು ಉಗುಳಿದವನು ನೀನು. ಮತ್ತೆ ಈ ನೆರಳು, ಗಾಜು, ಹಳದಿ ಕೋಟು! ನಾನು ಅಷ್ಟು ವರ್ಷ ನಿನ್ನ ಕಿವಿಯ ಹತ್ತಿರ "ನೋಡು, ಅವಳ ಟೋಪಿ ನೋಡು" ಎಂದು ಬಡಕೊಂಡಾಗ "ಶ್, ಲಿಯೋಂಟೀನ್" ಎನ್ನುತ್ತಿದ್ದೆ. ಈಗ ಯಾರು ಹೇಳಿಕೊಡುತ್ತಿದ್ದಾರೆ ನಿನಗೆ ಟೋಪಿ ನೋಡುವುದನ್ನು?

ನಾನು ಹೊಟ್ಟೆಕಿಚ್ಚಿನವಳು, ಗೊತ್ತು. ಗ್ಲೌಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ನಿನ್ನ ಕೈ ಅಳತೆ ತೆಗೆಯಲು ಬೇರೆ ಹುಡುಗಿಗೆ ಬಿಟ್ಟವಳಲ್ಲ. ಆದರೆ ಆಗ ನಾನು ಅಲ್ಲಿದ್ದೆ, ನೋಡಬಲ್ಲವಳಾಗಿದ್ದೆ. ಈಗ ಇಲ್ಲಿದ್ದೇನೆ.

ಲಿಯೋಂಟೀನ್


ಗೆಂಟ್, ೧ ಅಕ್ಟೋಬರ್

ಪ್ರೀತಿಯ ಲಿಯೋಂಟೀನ್,

ಯಾಕೆ ಹೀಗೆ ನೊಂದುಕೊಳ್ಳುತ್ತೀ? ಇದರಲ್ಲಿ ಏನೂ ಇಲ್ಲ. ಹೋಗಲಾ ಎಂದು ನಾನು ಕೇಳಿದವನಲ್ಲ, ನೀನೇ ಕಳಿಸಿದೆ.

ಬಾಚಣಿಗೆಯ ಮಾತಿಗೆ ಆಲ್ಮಾ ಎಷ್ಟು ನಕ್ಕಳೆಂದರೆ ಜೆನೆವರ್ ಮೈಮೇಲೆ ಚೆಲ್ಲಿಕೊಂಡಳು. ನಿನ್ನ ಆ ಪೌಲಾಳನ್ನು ಒಮ್ಮೆ ನೋಡಬೇಕಂತೆ.

ಸೀಗಡಿ ತಿನ್ನು. ಊಟದ ಮೇಲೆ ಕೋಪ ಬೇಡ.

ಫಿರ್ಮಿನ್


ಕೋಕ್ಸೈಡೆ, ೪ ಅಕ್ಟೋಬರ್

ನನ್ನ ಕಾಗದವನ್ನು ಅವಳಿಗೆ ತೋರಿಸಿದೆಯಾ?

ಲಿ.


ಗೆಂಟ್, ೮ ಅಕ್ಟೋಬರ್

ಪ್ರೀತಿಯ ಲಿಯೋಂಟೀನ್,

ನಿನ್ನ ಒಂದು ಸಾಲಿನ ಕಾಗದ ತಲುಪಿತು.

ತೋರಿಸಿದೆ ಎನ್ನುವುದು ಸರಿಯಲ್ಲ. ತೋರಿಸಲಿಲ್ಲ ಎನ್ನುವುದೂ ಸರಿಯಲ್ಲ. ನೀನು ವಾಸಿಯಾಗಿ ಮನೆಗೆ ಬಾ, ಎದುರಿಗೆ ಕೂತು ಹೇಳುತ್ತೇನೆ. ಈಗ ಹೇಳಿದರೆ ನೀನು ಅರ್ಧ ವಾಸಿಯಾದ ಸೊಂಟ ಹಿಡಿದುಕೊಂಡು ಓಡಿ ಬರುತ್ತೀ. ಆಮೇಲೆ ಜನ್ಮವಿಡೀ ಕುಂಟುತ್ತೀ, ಅದಕ್ಕೂ ನನ್ನನ್ನೇ ಬೈಯುತ್ತೀ.

ನನ್ನನ್ನು ನಂಬು. ಡಾಕ್ಟರು ಇನ್ನೂ ಎಷ್ಟು ದಿನ ಎನ್ನುತ್ತಾರೆ?

ಫಿರ್ಮಿನ್


ಕೋಕ್ಸೈಡೆ, ೧೧ ಅಕ್ಟೋಬರ್

ಫಿರ್ಮಿನ್,

ಎದುರಿಗೆ ಕೂತು ಹೇಳುವಂಥದ್ದು ಏನೋ ಇದೆ ಎಂದಾಯಿತು. ಸಂತೋಷ.

ಅವಳನ್ನು ನಾನು ನೋಡಿಲ್ಲ, ನೋಡುವ ಅಗತ್ಯವೂ ಇಲ್ಲ. ತುಟಿಗೆ ಕೆಂಪು, ಕೂದಲಿಗೆ ಬಾಟಲಿಯ ಬಣ್ಣ, ಗಂಡ ಸತ್ತ ಮೇಲೆ ಬೇರೆಯವರ ಸ್ಟೂಲು ಹುಡುಕಿಕೊಂಡು ಹೊರಟ ಮುದಿ ಕೋಳಿ. ಗಂಡ ಹೆಂಡತಿಯ ಕಾಗದ ಓದಿ ಬಾರಿನಲ್ಲಿ ಜೆನೆವರ್ ಚೆಲ್ಲಿಕೊಂಡು ನಗುವವಳು. ಅಂಥವಳಿಗೆ ದನಿ ಚೆನ್ನಾಗಿರುತ್ತದೆ, ಯಾಕಿರಬಾರದು, ಉಳಿದದ್ದೆಲ್ಲ ಹೋಗಿರುತ್ತದಲ್ಲ.

ನಾನು ಇಲ್ಲಿ ಎದ್ದು ಕೂರಲು ಹಲ್ಲು ಕಚ್ಚುತ್ತಿರುವುದು ಯಾವ ಮನೆಗೆ ಹೋಗಲು? ನಾನು ಇನ್ನು ಬರೆಯುವುದಿಲ್ಲ. ಕೋಟನ್ನು ಒಳಗೆ ಮಡಿಚಿಡು, ಇನ್ನು ಜಾಗ ಹಿಡಿಯುವುದು ಬೇಡ.

ಲಿಯೋಂಟೀನ್


ಕೋಕ್ಸೈಡೆ, ೧೫ ಅಕ್ಟೋಬರ್

ಫಿರ್ಮಿನ್,

ಬರೆಯುವುದಿಲ್ಲ ಎಂದಿದ್ದೆ. ಬರೆಯುತ್ತಿದ್ದೇನೆ.

ಆಲ್ಮಾ ಅವರೇ, ಇದನ್ನು ಓದುತ್ತಿರುವುದು ನೀವೇ ಎಂದು ನನಗೆ ಗೊತ್ತು. ಏನನ್ನೂ ಬಿಡದೆ ಓದಿ. ನೀವು ಬಿಡುವುದಿಲ್ಲ ಎಂಬುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಫಿರ್ಮಿನ್, ನಿನ್ನೆ ನಾನು ಗೆಂಟಿಗೆ ಬಂದಿದ್ದೆ. ಯಾರಿಗೂ ಹೇಳಲಿಲ್ಲ. ಬೆಳಿಗ್ಗೆಯೇ ನನ್ನ ಹಾಸಿಗೆಯಲ್ಲಿ ದಿಂಬು ಮಲಗಿಸಿ ಪೌಲಾ ಕಾವಲು ಕೂತಳು. "ಇಬ್ಬರನ್ನೂ ಹಿಡಿ, ಆದ್ರೆ ಹೊಡೆಯೋಕೆ ಹೋಗ್ಬೇಡ, ಕೋಲು ಕೈ ಬಿಟ್ರೆ ನೀನೇ ಬೀಳ್ತೀಯ" ಅಂದಳು. ರೈಲಿನಲ್ಲಿ ಇಡೀ ದಾರಿ ಏನೇನು ಹೇಳಬೇಕು ಎಂದು ಜೋಡಿಸಿಕೊಂಡೆ. ಒಳ್ಳೆಯ ಮಾತುಗಳು, ನಿನಗೆ ಕೇಳುವ ಯೋಗವಿರಲಿಲ್ಲ.

ಕೊಲಿಬ್ರಿಯ ಬಾರಿನಲ್ಲಿ ನೀನು ಒಬ್ಬನೇ ಇದ್ದೆ. ಸಿನೆಮಾ ಇನ್ನೂ ಶುರುವಾಗಿರಲಿಲ್ಲ, ಗಾಜಿನಾಚೆ ಎಲ್ಲ ದೀಪ ಉರಿಯುತ್ತಿತ್ತು. ನಿನ್ನ ಮುಂದೆ ನನ್ನ ಕಾಗದ, ಒಡೆಯದೆ ಇತ್ತು. ನನ್ನ ಸ್ಟೂಲಿನ ಮೇಲೆ ನಿನ್ನ ಕೋಟು. ನಾನು ನೇರ ನಿನ್ನ ಎದುರಿಗೆ ಬಂದು ನಿಂತೆ. ನೀನು ತಲೆ ಎತ್ತಿದೆ. ನನ್ನ ಮುಖವನ್ನೇ ನೋಡಿದೆ, ನಾನು ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಆಲ್ಮಾ, ಬಂದ್ಯಾ" ಅಂದೆ ನೀನು. "ಇವತ್ತು ಬೇಗ ಬಂದೆ. ಕೂತ್ಕೋ, ಕೂತ್ಕೋ." ಕೋಟು ತೆಗೆಯಲು ಹೋಗಿ ನಿನ್ನ ಕೈ ಮೊದಲು ಗಾಳಿಯಲ್ಲಿ ತಡಕಾಡಿತು, ಆಮೇಲೆ ಕೋಟು ಸಿಕ್ಕಿತು. "ಲಿಯೋಂಟೀನ್ ಕಾಗದ ಬಂದಿದೆ. ಮೊದ್ಲು ಅದನ್ನ ಓದ್ಬಿಡು, ಆಮೇಲೆ ಸಿನೆಮಾ. ಚೆನ್ನಾಗಿ ಬೈದಿರ್ತಾಳೆ. ಒಂದೂ ಬಿಡ್ಬೇಡ."

ಎಂದು ನನ್ನ ಕಾಗದವನ್ನು ನನ್ನ ಕೈಗೇ ಕೊಟ್ಟೆ.

ನಾನು ಕೂತೆ. ಕೂರದಿದ್ದರೆ ಬೀಳುತ್ತಿದ್ದೆ. ಬಾಯಿ ತೆರೆದರೆ ಅಳು ಬರುತ್ತದೆ ಎಂದು ಗೊತ್ತಿತ್ತು. ವಾಲೇರ್ ನನ್ನನ್ನು ಗುರುತಿಸಿ ಬಾಯಿ ತೆರೆದ, ನಾನು ಕಣ್ಣಲ್ಲೇ ಮುಚ್ಚಿಸಿದೆ. ಅವನು ಸದ್ದಿಲ್ಲದೆ ನನ್ನ ಪೋರ್ಟ್ ವೈನನ್ನು ನನ್ನ ಲೋಟದಲ್ಲೇ ತಂದಿಟ್ಟ. ನೀನು ಲೋಟದ ಸದ್ದು ಬಂದ ಕಡೆ ನಕ್ಕೆ, ನನ್ನ ಕಡೆ ಅಲ್ಲ, ಲೋಟದ ಕಡೆ.

ಆಗ ಆಲ್ಮಾ ಬಂದರು. ನನ್ನ ಹಾಗೆಯೇ ಕೋಲು ಊರಿಕೊಂಡು. ಆಲ್ಮಾ ಅವರೇ, ಓದುವಾಗ ಬೇಸರ ಮಾಡಿಕೊಳ್ಳಬೇಡಿ. ನೀವು ದಪ್ಪ ಇದ್ದೀರಿ, ಸ್ವೆಟರಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದಿರಿ, ನಿಮ್ಮ ಕೂದಲು ಬಿಳಿ, ಅದೂ ನಡುವೆ ಇಲ್ಲ. ನಿಮ್ಮನ್ನು ನೋಡಿ ನನಗೆ ಒಂದು ಗಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಗಳಿಗೆ ದಾಟಿದ ಮೇಲೆ ಮೊದಲಿಗಿಂತ ಹೆಚ್ಚು ಉರಿಯಿತು. ನೀವು ಚೆಲುವೆಯಾಗಿದ್ದರೆ ನನಗೆ ಏನು ಮಾಡಬೇಕೆಂದು ಗೊತ್ತಿತ್ತು.

ಫಿರ್ಮಿನ್, ಆಲ್ಮಾ ನನ್ನ ಮುಖ ನೋಡಿದರು, ಕೋಲು ನೋಡಿದರು, ನನ್ನ ಕೈಯಲ್ಲಿದ್ದ ಕಾಗದ ನೋಡಿದರು. ಎಲ್ಲ ತಿಳಿಯಿತು ಅವರಿಗೆ. ನಿನ್ನ ಆಚೆ ಬದಿಗೆ ಕೂತರು. ನೀನು ಗಾಬರಿಯಾಗಿ ಕೇಳಿದೆ, "ಆಲ್ಮಾ? ಹಾಗಾದ್ರೆ ಈ ಕಡೆ ಯಾರು?"

"ಯಾರೋ ಒಬ್ರು ಮೇಡಂ. ಸಿನೆಮಾಕ್ಕೆ ಬಂದಿದ್ದಾರೆ" ಅಂದರು ಇವರು.

"ಕ್ಷಮಿಸಿ ಮೇಡಂ" ಎಂದೆ ನೀನು ನನಗೆ. "ಕಣ್ಣು ಸರಿಯಿಲ್ಲ. ಬೇರೆಯವರು ಅಂದ್ಕೊಂಡೆ."

ನಾನು ಕಾಗದ ಚಾಚಿದೆ. ಆಲ್ಮಾ ಅದನ್ನು ತೆಗೆದುಕೊಂಡು, ಕನ್ನಡಕ ಹಾಕಿ, ನನ್ನ ಎದುರಿಗೇ ಓದಿದರು. ತುಟಿಯ ಕೆಂಪು ಓದಿದರು. ಬಾಟಲಿಯ ಬಣ್ಣ ಓದಿದರು. ಮುದಿ ಕೋಳಿಯನ್ನು ಓದುವಾಗ ದನಿ ಒಂದಿಷ್ಟೂ ಅಲುಗಲಿಲ್ಲ. ನಿಜ, ಒಳ್ಳೆಯ ದನಿ. ನನ್ನ ಕೆಟ್ಟ ಮಾತುಗಳು ಅಷ್ಟು ಚೆನ್ನಾಗಿ ಕೇಳಿಸಿದ್ದು ಅದೇ ಮೊದಲು.

ನೀನು ಕೈಯಲ್ಲಿ ಮುಖ ಮುಚ್ಚಿಕೊಂಡೆ. "ಕ್ಷಮಿಸು ಆಲ್ಮಾ. ಅವಳು ಕೆಟ್ಟವಳಲ್ಲ."

"ಬಾಟ್ಲಿ ಬಣ್ಣ ಅನ್ನೋದು ಸುಳ್ಳು" ಅಂದರು ಇವರು ನನ್ನನ್ನೇ ನೋಡುತ್ತಾ. "ಕೋಳಿ ಅನ್ನೋದ್ರಲ್ಲಿ ಸ್ವಲ್ಪ ನಿಜ ಇದೆ. ಅವ್ರಿಗೆ ಹೇಳ್ಬಿಡು ಫಿರ್ಮಿನ್. ಇನ್ನೂ ಯಾಕೆ ಮುಚ್ಚಿಡ್ತೀಯ?"

"ಹೇಳಿದ್ರೆ ಅವತ್ತಿಂದ ನಾನು ಅವಳ ಗಂಡ ಅಲ್ಲ, ಅವಳ ಕೆಲಸ ಆಗ್ಬಿಡ್ತೀನಿ" ಅಂದೆ ನೀನು.

ಅಷ್ಟರಲ್ಲಿ ದೀಪ ಆರಿತು, ತೆರೆ ಬೆಳಗಿತು. ಅವರು ನಿನ್ನ ಕಡೆ ಬಾಗಿ ಮೆಲ್ಲಗೆ ಹೇಳತೊಡಗಿದರು: ಒಂದು ರೈಲು ನಿಲ್ದಾಣ, ಬೂದು ಟೋಪಿಯ ಹೆಂಗಸು, ಅವಳ ಕೈಯಲ್ಲಿ ಪಂಜರ, ಪಂಜರದಲ್ಲಿ ಹಕ್ಕಿ ಇಲ್ಲ. ನೀನು ಪೂರ್ತಿ ಅವರ ಕಡೆ ತಿರುಗಿದ್ದೆ. ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ಅಷ್ಟು ವರ್ಷ ನಾನು ಅದೇ ಸ್ಟೂಲಿನಲ್ಲಿ ಕೂತು ಅದೇ ಟೋಪಿಗಳನ್ನು ಹೇಳಿದೆ. ಒಂದು ದಿನವೂ ನೀನು ನನ್ನ ಕಡೆ ಹಾಗೆ ತಿರುಗಲಿಲ್ಲ. ವೈನು ಮುಗಿಸಿ ಎದ್ದು ಬಂದೆ.

ಈಗ ನನಗೆ ಏನು ಉರಿಯುತ್ತಿದೆ ಕೇಳು. ನಿನ್ನ ಕಣ್ಣು ಹೋಗುತ್ತಿರುವುದು ನನಗಿಂತ ಮೊದಲು ಅವರಿಗೆ ಗೊತ್ತಾಯಿತು. ಎಂದು ಶುರುವಾಯಿತು, ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಡಾಕ್ಟರು ಏನೆಂದರು, ಅವರಿಗೆ ಗೊತ್ತು. ನಿನಗೆ ಹೆದರಿಕೆಯಾದಾಗ ಏನೆನ್ನುತ್ತೀ, ಅದೂ ಗೊತ್ತು. ಇದಕ್ಕಿಂತ ಬಾಚಣಿಗೆಯೇ ವಾಸಿಯಿತ್ತು, ಫಿರ್ಮಿನ್.

ಶನಿವಾರ ಮನೆಗೆ ಬರುತ್ತೇನೆ. ಡಾಕ್ಟರು ಬೇಡ ಎಂದರು, ನಾನು ಶನಿವಾರ ಎಂದೆ. ಭಾನುವಾರ ನಿನ್ನ ಈ ಬದಿಗೆ ನಾನು. ಆಲ್ಮಾ ಅವರು ಆಚೆ ಬದಿಗೆ ಕೂರಲಿ, ಕೂರಬೇಡ ಎನ್ನುವಷ್ಟು ನಾನು ಕೆಟ್ಟವಳಲ್ಲ. ಟೋಪಿ ನಾನು ಹೇಳುತ್ತೇನೆ. ಪಂಜರಗಳನ್ನು ಅವರು ಹೇಳಲಿ.

ಇನ್ನು ಉಳಿದದ್ದು ನಿನಗೊಬ್ಬನಿಗೆ. ಅವರ ಬಾಯಿಂದಲೇ ನೀನು ಕೇಳಬೇಕಲ್ಲ ಎಂದು ಹೊಟ್ಟೆ ಉರಿಯುತ್ತಿದೆ. ಬೇರೆ ದಾರಿ ಇಲ್ಲ, ಬರೆಯುತ್ತೇನೆ.

ಫಿರ್ಮಿನ್, ನಾನು ನಿನ್ನನ್ನು ನೋಡುತ್ತಾ ಕೂತರೆ ನೀನು "ಏನು?" ಎನ್ನುತ್ತಿದ್ದೆ, ನಾನು ಮುಖ ತಿರುಗಿಸಿಬಿಡುತ್ತಿದ್ದೆ. ನಿನ್ನೆ ನೀನು ಕೇಳಲಿಲ್ಲ. ಕಣ್ತುಂಬ ನೋಡಿದೆ. ಕಿವಿಯ ಕೆಳಗೆ ಗಡ್ಡ ಹೆರೆಯದೆ ಬಿಟ್ಟಿದ್ದೀ. ಅಲ್ಲಿ ಮೂಗಿಟ್ಟು ಮಲಗಬೇಕು ಎನಿಸಿತು, ಈ ವಯಸ್ಸಿನಲ್ಲಿ, ಈ ಸೊಂಟ ಇಟ್ಟುಕೊಂಡು. ನಿನ್ನ ಮೇಲಿನ ಆಸೆ ನನಗೆ ಇನ್ನೂ ಹೋಗಿಲ್ಲ.

ಲಿಯೋಂಟೀನ್


ಗೆಂಟ್, ೧೮ ಅಕ್ಟೋಬರ್

ಪ್ರೀತಿಯ ಲಿಯೋಂಟೀನ್,

ಭಾನುವಾರದವರೆಗೆ ಕಾಯಲಾಗಲಿಲ್ಲ. ಕಾಗದ ಹಿಡಿದು ಕೊಲಿಬ್ರಿಗೆ ಹೋದೆ, ವಾಲೇರ್ ಆಲ್ಮಾಳನ್ನು ಕರೆಸಿದ.

ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ನಾನು ನಿನಗೆ "ಕ್ಷಮಿಸಿ ಮೇಡಂ" ಅಂದೆ. ಅದನ್ನು ಕೇಳಿದ ಮೇಲೆ ಬಹಳ ಹೊತ್ತು ಮುಂದೆ ಓದಲು ಬಿಡಲಿಲ್ಲ ನಾನು.

ಎಲ್ಲ ಹೇಳುತ್ತೇನೆ. ವಸಂತದಲ್ಲಿ ಶುರುವಾಯಿತು. ನೋಡಿದ್ದರ ನಡುಮಧ್ಯೆ ಯಾರೋ ಮಸಿಯ ಹೆಬ್ಬೆರಳು ಒತ್ತಿದ ಹಾಗೆ. ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ. ಮುಖಗಳು ನಡುವಿನಲ್ಲೇ ಇರುತ್ತವಲ್ಲ. ವಾಪಸು ಬರುವುದಿಲ್ಲ ಎಂದರು ಡಾಕ್ಟರು. ಹೇಳಬೇಕೆಂದಿದ್ದ ವಾರವೇ ನೀನು ಮೆಟ್ಟಿಲಲ್ಲಿ ಬಿದ್ದೆ. ನಿನ್ನ ಮೊದಲ ಕಾಗದವನ್ನು ಭೂತಗನ್ನಡಿ ಹಿಡಿದು ಒಂದು ಬೆಳಗೆಲ್ಲ ಓದಿದೆ. ಆ ಭಾನುವಾರ ಬಾರಿನಲ್ಲಿ ನನ್ನ ಲೋಟವೆಂದು ಆಲ್ಮಾಳ ಲೋಟ ಎತ್ತಿ ಕುಡಿದೆ. "ಕಣ್ಣು ಕಾಣಲ್ವೇನ್ರೀ?" ಅಂದಳು. ಗುರುತಿಲ್ಲದವರು ಕೇಳಿದರು, ಹೌದು ಅಂದುಬಿಟ್ಟೆ. ನೀನು ಇದ್ದಿದ್ದರೆ ಕಂಡುಹಿಡಿಯುತ್ತಿದ್ದೆ. ನೀನಿಲ್ಲ ಎಂದು ನನಗೆ ಆಗ ಹಗುರಾಗಿತ್ತು. ನಿನಗೆ ಇದು ನೋವಾಗುತ್ತದೆ, ಆದರೂ ನಿಜ.

ನೀನು ಹೇಳುತ್ತಿದ್ದ ಟೋಪಿಗಳಿಗೆ ನಾನು ತಿರುಗಲಿಲ್ಲ, ಯಾಕೆಂದರೆ ಆಗ ನನಗೆ ಅವು ಕಾಣುತ್ತಿದ್ದವು. ಈಗ ಹೇಳು. ತಿರುಗುತ್ತೇನೆ.

ಆಲ್ಮಾ ನಿನ್ನ ಕಾಗದವನ್ನು ಒಂದೂ ಬಿಡದೆ ಓದಿದಳು, ತನ್ನ ಗುಂಡಿಗಳನ್ನೂ ನಡುನೆತ್ತಿಯನ್ನೂ. ಆದರೆ ಪಂಜರಗಳನ್ನು ದಾಟಿ, "ಬೇರೆ ದಾರಿ ಇಲ್ಲ, ಬರೆಯುತ್ತೇನೆ" ಎಂಬಲ್ಲಿಗೆ ಬಂದು ನಿಲ್ಲಿಸಿಬಿಟ್ಟಳು. ಮಡಿಚಿ ನನ್ನ ಕೋಟಿನ ಜೇಬಿಗೆ ಹಾಕಿದಳು.

"ಯಾಕೆ, ಬೈಗುಳಾನಾ?" ಅಂದೆ.

"ಅಲ್ಲ."

"ಮತ್ತೆ ಓದು."

"ಇದು ನನ್ನ ಬಾಯಲ್ಲಿ ಬರ್ಬಾರ್ದು ಫಿರ್ಮಿನ್" ಅಂದಳು. ಆ ಒಳ್ಳೆಯ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಮೊದಲು ಕೇಳಿರಲಿಲ್ಲ. ಜೆನೆವರನ್ನು ಅರ್ಧಕ್ಕೇ ಬಿಟ್ಟು ಹೋದಳು. ಕಾಗದವನ್ನು ವಾಲೇರನಿಗೆ ಕೊಟ್ಟೆ. ಅವನೂ ಬಿಡಿಸಿ ನೋಡಿ, ಮತ್ತೆ ಮಡಿಚಿ, ಕನ್ನಡಕ ತಂದಿಲ್ಲ ಅಂದ. ಮೂಗಿನ ಮೇಲೇ ಇತ್ತು, ಅಷ್ಟು ನನಗೂ ಕಾಣುತ್ತದೆ.

ಕಾಗದ ಜೇಬಿನಲ್ಲೇ ಇದೆ. ಮುಟ್ಟಿ ನೋಡುತ್ತೇನೆ, ನಿನ್ನ ಪೆನ್ನು ಒತ್ತಿದ ಕಡೆ ಉಬ್ಬಿದೆ.

ಶನಿವಾರ ನಿಲ್ದಾಣಕ್ಕೆ ಬರುತ್ತೇನೆ. ನನ್ನನ್ನು ನೀನೇ ಗುರುತಿಸಬೇಕು. ಬರುವಾಗ ಓದುವ ಕನ್ನಡಕ ಮರೆಯಬೇಡ.

ನಿನ್ನ
ಫಿರ್ಮಿನ್